ಅವ್ವ ಊಟ ಬಿಟ್ಟಿದ್ದು

ನಮ್ಮವ್ವ ರಾಮಗಿರಿ ಕಡೆ ಕುರಿ ಮೇಯಿಸುತ್ತ, ರಾಗಿ ಹೊಲದಲ್ಲಿ ಕಳೆ ಕೀಳುತ್ತ ಬೆಳೆದವಳು. ಎಂಬತ್ತು ದಾಟಿದ ಮೇಲೂ ಅವಳಿಗೆ ಮಕ್ಕಳದೇ ಚಿಂತೆ. ನನ್ನ ಇಬ್ಬರು ಅಣ್ಣಂದಿರು ತೆಂಗಿನ ತೋಟಕ್ಕೆ ನೀರು ಬಿಡುವ ಸರದಿಗಾಗಿ ಜಗಳವಾಡಿ ಮಾತು ಬಿಟ್ಟಾಗ, ಅವಳು ಬಸ್ಸು ಹತ್ತಿ ಹೊಸದುರ್ಗದ ನಮ್ಮ ಮನೆಗೆ ಬಂದಳು.

"ಇಬ್ರಿಗೂ ಫೋನ್ ಮಾಡು. ಅವ್ವ ಊಟ ಬಿಟ್ಟವಳೆ ಅನ್ನು," ಎಂದಳು. ನಾನು ಹಾಗೇ ಹೇಳಿದೆ.

ಅಣ್ಣಂದಿರು ಬೇರೆ ಬೇರೆ ಬೈಕಿನಲ್ಲಿ ಧಾವಿಸಿ ಬಂದರು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಏನಾಗೈತವ್ವ? ಡಾಕ್ಟರ್ ಹತ್ರ ಹೋಗಾಣ," ಎಂದ ದೊಡ್ಡಣ್ಣ.

"ನೀವಿಬ್ರೂ ಒಂದೇ ತಟ್ಟೇಲಿ ಉಂಡ್ರೆ ನಾನೂ ಉಣ್ತೀನಿ," ಎಂದಳು ಸೋತ ದನಿಯಲ್ಲಿ.

ನಾನು ಮುದ್ದೆ, ಅವರೆಕಾಳು ಸಾರು ಬಡಿಸಿದೆ. ಐವತ್ತು ದಾಟಿದ ಇಬ್ಬರೂ ಮುಖ ಊದಿಸಿಕೊಂಡು ಎದುರುಬದುರು ಕೂತರು. ಮುದ್ದೆ ಮುರಿಯುವಾಗ ಕೈಗೆ ಕೈ ತಾಗಿತು.

"ಮೊದ್ಲು ನೀನ್ ತಗಾ," ಎಂದ ಚಿಕ್ಕಣ್ಣ. ಎಷ್ಟೋ ತಿಂಗಳ ಮೇಲೆ ಅವರ ನಡುವೆ ಬಂದ ಮೊದಲ ಮಾತು ಅದು. ತಟ್ಟೆ ಖಾಲಿಯಾಗುವಷ್ಟರಲ್ಲಿ ನೀರಿನ ಸರದಿಯೂ ತೀರ್ಮಾನವಾಗಿತ್ತು.

ಅವ್ವ ಎದ್ದು ಕೂತಳು. ದೊಡ್ಡಣ್ಣ ಅವಳ ಮುಖವನ್ನೇ ದಿಟ್ಟಿಸಿದ. "ಅವ್ವ, ನಿನ್ನ ಗಲ್ಲಕ್ಕೆ ಮುದ್ದೆ ಮೆತ್ತೈತೆ."

ಅವಳು ಸೆರಗಿನಿಂದ ಒರೆಸಿಕೊಂಡಳು. "ಉಂಡೇ ಮಲಗಿದ್ದೆ ಕಣಪ್ಪ. ಖಾಲಿ ಹೊಟ್ಟೇಲಿ ನಾಟಕ ಆಡಾಕಾಗುತ್ತಾ?"