ಗುರುದೇವಿಯ ಹಾಳೆಯಲ್ಲಿ ಎಂಟನೇ ಚೌಕ

ಬೆಳಗಿನ ಐದೂವರೆ. ಸಿಕಂದರಾಬಾದಿನ ಬಳಿಯ ಬಾಲಾನಗರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಈಗಷ್ಟೇ ಬಿಡುತ್ತಿದೆ. ಸಮುದಾಯ ಕಾಲೇಜಿನ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅಟೆಂಡರ್ ಗುರುದೇವಿ ಪ್ರಯೋಗಾಲಯದ ಬೀಗ ತೆಗೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಿಂಕಿನ ಮುಂದೆ ನಿಂತಿದ್ದಾರೆ. ಹನಿಹನಿಯಾಗಿ ಅಳೆದು ಬಿಡುವ ಉದ್ದನೆಯ ಗಾಜಿನ ಬ್ಯುರೆಟ್ಟುಗಳನ್ನು ಒಂದೊಂದಾಗಿ ತೊಳೆದು ದೀಪಕ್ಕೆ ಹಿಡಿದು ನೋಡುತ್ತಾರೆ. ಒಂದು ಮಸುಕು ಕಂಡರೆ ಮತ್ತೆ ನಲ್ಲಿಯ ಕೆಳಗೆ. ಬಾಗಿಲಲ್ಲಿ ಯಾರು ಬಂದು ನಿಂತರೂ ಅವರಿಗೆ ಪರಿವೆ ಇಲ್ಲ.

"ಹನ್ನೊಂದು ವರ್ಷ ಇವನ್ನ ತೊಳದೀನ್ರಿ. ಈ ಜನವರಿ ತನಕ ಇದರಾಗ ಒಂದ್ ಹನಿ ಹಾಕಿ ನೋಡಿದ್ದಿಲ್ಲ" ಎನ್ನುತ್ತಾರೆ ಮಾತಾಡಿಸಿದವರಿಗೆ, ಕೈ ನಿಲ್ಲಿಸದೆ.

ಇವತ್ತು ತೊಳೆಯುತ್ತಿರುವ ಆರು ಜೊತೆ ಗಾಜಿನಲ್ಲಿ ಒಂದು ಜೊತೆ ಅವರದೇ. ಇನ್ನೊಂದು ಗಂಟೆಗೆ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬರುತ್ತಾರೆ. ನಲವತ್ತು ವರ್ಷದ ಗುರುದೇವಿ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕು. ಪಾಸಾದರೆ ಜೂನ್‌ನಲ್ಲಿ ನೇರವಾಗಿ ಪದವಿಯ ಎರಡನೇ ವರ್ಷಕ್ಕೆ. ಫೇಲಾದರೆ ಮೂರು ವರ್ಷದಿಂದ ಕಾಲೇಜಿನ ಗಂಟೆ ಹೊಡೆಯುವ ನಡುನಡುವೆ ಪಾಸು ಮಾಡಿಕೊಂಡ ಏಳು ವಿಷಯಗಳೂ ನೀರಿಗೆ ಹೋದಂತೆ.

ಕಾಲೇಜಿನಲ್ಲಿ ನಾನೂರ ಹನ್ನೆರಡು ವಿದ್ಯಾರ್ಥಿಗಳಿದ್ದಾರೆ. ದಿನಕ್ಕೆ ಹನ್ನೊಂದು ಸಲ ಗಂಟೆ, ಎರಡು ಹೊತ್ತು ಸೇರಿ ನಲವತ್ತು ಕಪ್ ಚಹಾ, ಆರು ಮಡಕೆಗೆ ಕುಡಿಯುವ ನೀರು, ನೋಟಿಸ್ ಅಂಟಿಸಲು ಮೈದಾ ಹಿಟ್ಟಿನ ಅಂಟು ಕಾಯಿಸುವುದು: ಇಷ್ಟು ಗುರುದೇವಿಯ ನೇಮಕಾತಿ ಪತ್ರದಲ್ಲಿದೆ. ಆದರೆ ಹುಡುಗರು ಅವರನ್ನು ಹುಡುಕಿಕೊಂಡು ಬರುವುದು ಪತ್ರದಲ್ಲಿ ಇಲ್ಲದ ಕೆಲಸಕ್ಕೆ. ಆಫೀಸಿನ ಹೊರಗೆ, ಪಡಸಾಲೆಯ ತಿರುವಿನಲ್ಲಿ ಅವರ ಸ್ಟೂಲ್ ಇದೆ. ಅದರ ಮುಂದೆ ಬೆಳಿಗ್ಗೆ ಒಂಬತ್ತರಿಂದಲೇ ಸಣ್ಣ ಸಾಲು.

ಇಲ್ಲಿರುವುದು ಎರಡು ವರ್ಷದ ಡಿಪ್ಲೊಮಾ. ಅದರ ಜೊತೆಗೆ ಎಂಟು ಸಾಮಾನ್ಯ ವಿಷಯಗಳನ್ನು ಪಾಸು ಮಾಡಿಕೊಂಡವರನ್ನು ವಿಶ್ವವಿದ್ಯಾಲಯ ನೇರವಾಗಿ ಪದವಿಯ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ. ಎರಡು ಭಾಷೆ, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಪರಿಸರ, ಕಂಪ್ಯೂಟರ್ ಪರಿಚಯ, ಪ್ರಯೋಗ ಸಹಿತ ವಿಜ್ಞಾನ. ಒಂದು ಕಡಿಮೆಯಾದರೂ ಬಾಗಿಲು ಮುಚ್ಚಿತು. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕು, ಯಾವುದರ ತರಗತಿ ಯಾವುದರ ಮೇಲೆ ಬೀಳುತ್ತದೆ, ಯಾವುದು ವರ್ಷಕ್ಕೆ ಒಂದೇ ಸಲ ನಡೆಯುತ್ತದೆ ಎನ್ನುವುದು ಕಾಲೇಜಿನ ದಪ್ಪನೆಯ ನಿಯಮ ಪುಸ್ತಕದಲ್ಲೇನೋ ಇದೆ. ಆ ಪುಸ್ತಕ ಓದಿದವರು ಇಡೀ ಕಟ್ಟಡದಲ್ಲಿ ಇಬ್ಬರೇ ಎಂದು ಹುಡುಗರು ನಗುತ್ತಾರೆ. ಒಬ್ಬರು ಅದನ್ನು ಬರೆದವರು, ಇನ್ನೊಬ್ಬರು ಗುರುದೇವಕ್ಕ.

ಇದು 2004. ಊರಿನ ಆ ತುದಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದೆ. ಅಮೀರಪೇಟೆಯ ಗೋಡೆಗಳ ಮೇಲೆ ಕಂಪ್ಯೂಟರ್ ಕೋರ್ಸಿನ ಬೋರ್ಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಸೇರಲು ಬಂದ ಹುಡುಗರೆಲ್ಲ ನನಗೆ ಜಾವಾ ಸಾಕು, ಇತಿಹಾಸ ಯಾಕೆ, ಪರಿಸರ ಯಾಕೆ ಎಂದು ಮೂಗು ಮುರಿಯುತ್ತಾರೆ. ಗುರುದೇವಿ ವಾದಕ್ಕೆ ಇಳಿಯುವುದಿಲ್ಲ. ಜಾವಾ ಕಲಿಯಬೇಡ ಅಂದವರು ಯಾರು, ಕಲಿ ಎನ್ನುತ್ತಾರೆ. ಆಮೇಲೆ ತೆಲುಗಿನವರಿಗೆ ತೆಲುಗಿನಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ, ನಮ್ಮ ಕಡೆಯವರಿಗೆ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. "ಕಡೀಗೆ ಎಲ್ಲಿ ಮುಟ್ಟಬೇಕಂತ ಮಾಡೀದಿ?"

ಉತ್ತರ ಬಂದ ಮೇಲೆಯೇ ಹಾಳೆ ಹೊರಗೆ ಬರುತ್ತದೆ. ಎಂಜಿನಿಯರಿಂಗ್ ಶೆಡ್ಡುಗಳಲ್ಲಿ ಕೆಲಸ ಮುಗಿದ ಮೇಲೆ ಬಿಸಾಡುವ ನಕ್ಷೆಗಳವು. ಒಂದು ಮಗ್ಗುಲಿಗೆ ಹಲ್ಲುಚಕ್ರ, ಬೋಲ್ಟುಗಳ ಚಿತ್ರ. ಖಾಲಿ ಇರುವ ಇನ್ನೊಂದು ಮಗ್ಗುಲಿಗೆ ಒಬ್ಬ ಹುಡುಗನ ಎರಡು ವರ್ಷ. ಗುರುದೇವಿ ಮೊದಲು ಮೇಲ್ತುದಿಯಲ್ಲಿ ಗೆರೆ ಎಳೆದು ಅವನು ಹೇಳಿದ ಜಾಗವನ್ನು ಬರೆಯುತ್ತಾರೆ. ಅದರ ಕೆಳಗೆ ಎಂಟು ಚೌಕ. ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕುತ್ತ ಬಂದು ಕೊನೆಗೆ ಇವತ್ತು ಯಾವ ತರಗತಿಗೆ ಹೋಗಿ ಕೂರಬೇಕು ಎನ್ನುವಲ್ಲಿಗೆ ತಂದು ನಿಲ್ಲಿಸುತ್ತಾರೆ. ಹಾಳೆಯ ಒಂದು ಪ್ರತಿ ಹುಡುಗನಿಗೆ, ಒಂದು ತಮ್ಮ ತಗಡಿನ ಪೆಟ್ಟಿಗೆಗೆ. ಪೆಟ್ಟಿಗೆಯಲ್ಲಿ ಈಗ ಇನ್ನೂರ ಅರವತ್ತಮೂರು ಹಾಳೆಗಳಿವೆ.

ಈ ಪದ್ಧತಿ ಎಲ್ಲಿ ಕಲಿತಿರಿ ಎಂದರೆ ಅವರಿಗೆ ಕೇಳಿದವರ ಮೇಲೇ ಆಶ್ಚರ್ಯ. "ಸ್ಲ್ಯಾಬ್ ಎಷ್ಟು ಎತ್ತರಕ್ಕ ಬರಬೇಕಂತ ಗೋಡಿ ಮ್ಯಾಲ ಮೊದ್ಲ ಗೆರಿ ಹೊಡೀತಾರ್ರಿ. ಆಮ್ಯಾಲ ಕೆಳಗಿಂದ ಕಟಗಿ ನಿಲ್ಲಸತಾರ. ಕಟಗಿ ನಿಲ್ಲಿಸಿ ಆಮ್ಯಾಲ ಗೆರಿ ಹುಡುಕಿದ್ರ ಹೆಂಗ?"

ಲಿಂಗಸುಗೂರು ಕಡೆಯ ಹಳ್ಳಿಯಿಂದ ಹದಿನೇಳನೇ ವಯಸ್ಸಿಗೆ ಗಂಡ ದ್ಯಾವಪ್ಪನ ಹಿಂದೆ ಈ ಊರಿಗೆ ಬಂದವರು ಗುರುದೇವಿ. ದ್ಯಾವಪ್ಪ ಸ್ಲ್ಯಾಬಿಗೆ ಕಟ್ಟಿಗೆ ನಿಲ್ಲಿಸುವ ಸೆಂಟ್ರಿಂಗ್ ಕೆಲಸಗಾರ, ಇವರ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ. ಈ ಕಾಲೇಜನ್ನು ಕಟ್ಟಿದ್ದೇ ಅವರಿದ್ದ ಕೂಲಿ ಗುಂಪು. ಪ್ರಯೋಗಾಲಯದ ನೆತ್ತಿಯ ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ನೀರು ಹೊಡೆದವರು ಇದೇ ಗುರುದೇವಿ. ಗುಂಪು ಮುಂದಿನ ಕಟ್ಟಡಕ್ಕೆ ಹೋಯಿತು. ಗಿಡಕ್ಕೆ ನೀರು ಹಾಕಲು ಒಬ್ಬರು ಬೇಕೆಂದು ಇವರನ್ನು ಉಳಿಸಿಕೊಂಡರು. ಹಾಗೆ ಉಳಿದ ಇವರು ಇಲ್ಲೇ ಬೇರೂರಿಬಿಟ್ಟರು. ಏಳನೆಯ ಕ್ಲಾಸಿಗೆ ಬಿಟ್ಟಿದ್ದ ಓದನ್ನು ಫತೇನಗರದ ಒಂದೇ ಕೋಣೆಯ ಮನೆಯಲ್ಲಿ, ಗಂಡನ ರೊಟ್ಟಿ ಬಡಿದಾದ ಮೇಲೆ, ಮತ್ತೆ ಹಿಡಿದರು. ಹತ್ತನೆಯದನ್ನು ಮುಕ್ತ ಶಾಲೆಯಿಂದ ಎರಡನೇ ಸಲಕ್ಕೆ ದಾಟಿದರು. ಆಮೇಲೆ ತಾವು ಗಂಟೆ ಹೊಡೆಯುವ ಕಾಲೇಜಿಗೇ ವಿದ್ಯಾರ್ಥಿನಿಯಾಗಿ ಸೇರಿದರು.

ಹೋದ ವರ್ಷ ಕಾಲೇಜಿನಲ್ಲಿ ಒಂದು ಹೊಸ ಹುದ್ದೆ ಮಂಜೂರಾಯಿತು. ಪ್ರವೇಶ ಮಾರ್ಗದರ್ಶಿ, ಒಂದು ಮೇಜು, ಒಂದು ಕುರ್ಚಿ. ಹುಡುಗರಿಗೆ ವಿಷಯಗಳ ದಾರಿ ತೋರಿಸುವ ಕೆಲಸ. ಗುರುದೇವಿ ಸ್ಟೂಲಿನ ಮೇಲೆ ಕೂತು ಮಾಡುತ್ತಿರುವುದು ಅದನ್ನೇ. ಕಣ್ಣು ಮುಚ್ಚಿ ಇವರಿಗೇ ಕೊಡಬಹುದಿತ್ತು ಎನ್ನುತ್ತಾರೆ ಪ್ರಿನ್ಸಿಪಾಲ್ ನರಸಿಂಹ, ಆದರೆ ಪದವಿ ಇರಲೇಬೇಕೆಂದು ನಿಯಮ. ಇವರು ಪದವಿಗೆ ಸೇರಿದ್ದಾರೆಂದು ಕಾಗದ ಬಂದರೂ ಸಾಕು, ಎರಡು ವರ್ಷ ಹುದ್ದೆಯನ್ನು ಖಾಲಿ ಇಟ್ಟು ಕಾಯುತ್ತೇವೆ ಎಂದು ಆಡಳಿತ ಮಂಡಳಿ ಒಪ್ಪಿದೆ.

ಇಷ್ಟೆಲ್ಲ ಗೊತ್ತಿದ್ದ ಹೆಂಗಸು ಎಡವಿದ್ದು ಎಲ್ಲಿ ಗೊತ್ತೇ? ತಮ್ಮದೇ ಹಾಳೆಯಲ್ಲಿ. ಹಾಳೆಯಲ್ಲಿ ಎಂದರೆ ತಪ್ಪಾದೀತು. ಅವರು ತಮಗೊಂದು ಹಾಳೆ ಮಾಡಿಕೊಂಡೇ ಇರಲಿಲ್ಲ.

ಹೋದ ಡಿಸೆಂಬರಿನಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ತನ್ನ ಹಾಳೆ ತಿದ್ದಿಸಿಕೊಳ್ಳಲು ಬಂದಿದ್ದಳು. ತಂದೆ ಇಲ್ಲಿನ ಸರ್ಕಾರಿ ವಿಮಾನೋಪಕರಣ ಕಾರ್ಖಾನೆಯಲ್ಲಿ ನೌಕರ, ಊರು ಗದಗ, ಮಾತು ಚುರುಕು. ಪೆಟ್ಟಿಗೆಯಲ್ಲಿ ಹುಡುಕುತ್ತ ಹುಡುಕುತ್ತ, "ಅಕ್ಕಾ, ಇದರಾಗ ನಿಮ್ಮ ಹಾಳಿ ಎಲ್ಲೈತ್ರಿ?" ಎಂದು ಕೇಳಿಬಿಟ್ಟಳು. ನನಗ್ಯಾಕ ಹಾಳಿ ಎಂದು ಗುರುದೇವಿ ನಕ್ಕರು. ಹುಡುಗಿ ಬಿಡಲಿಲ್ಲ. ಸ್ಟೂಲಿನ ಮೇಲೆ ತಾನು ಕೂತು, ಇವರನ್ನು ಎದುರಿಗೆ ನಿಲ್ಲಿಸಿ, ಎಲ್ಲಿ ಮುಟ್ಟಬೇಕಂತ ಮಾಡೀರಿ ಎಂದು ಅವರದೇ ಪ್ರಶ್ನೆ ಹಾಕಿದಳು. ಮೇಜಿಗೆ, ಎಂದರು ಗುರುದೇವಿ. ಹುಡುಗಿ ಮೇಲ್ತುದಿಯಲ್ಲಿ ಹಾಗೆಯೇ 'ಮೇಜು' ಎಂದು ಬರೆದು ಚೌಕಗಳನ್ನು ತುಂಬುತ್ತ ಬಂದಳು. ಏಳು ತುಂಬಿದವು. ಎಂಟನೆಯದು ಖಾಲಿ ಉಳಿಯಿತು.

ಗುರುದೇವಿ ವಿಷಯಗಳನ್ನು ಆರಿಸಿಕೊಂಡಿದ್ದು ಪುಸ್ತಕ ನೋಡಿ ಅಲ್ಲ, ಸ್ಟೂಲು ನೋಡಿ. ಯಾವ ತರಗತಿಯ ಪಾಠ ಪಡಸಾಲೆಗೆ ಕೇಳಿಸುತ್ತದೋ ಆ ವಿಷಯ. ಬಾಗಿಲ ಬಳಿ ಕೂತೇ ಹಾಜರಿ ಹೇಳಬಹುದು, ಗಂಟೆಗೂ ಏಳಬಹುದು. ಪ್ರಯೋಗ ನಡೆಯುವುದು ಮೇಲಿನ ಮಹಡಿಯಲ್ಲಿ, ಶನಿವಾರ ಹತ್ತರಿಂದ ಹನ್ನೆರಡು. ಸರಿಯಾಗಿ ಚಹಾ ಹಂಚುವ ಹೊತ್ತು. ಮುಂದಿನ ಸಲ ನೋಡೋಣ ಎಂದು ಎರಡು ವರ್ಷ ತಳ್ಳಿದ್ದರು. ಅಷ್ಟರಲ್ಲಿ ಹೊಸ ನಿಯಮ ಬಂದಿತ್ತು: ಸೇರಿದ ಮೂರು ವರ್ಷದೊಳಗೆ ಎಂಟೂ ಮುಗಿಯಬೇಕು, ಇಲ್ಲವಾದರೆ ಪಾಸಾದವೂ ರದ್ದು. ಇವರ ಮೂರು ವರ್ಷ ಈ ಏಪ್ರಿಲ್‌ಗೆ ಮುಗಿಯುತ್ತದೆ. ಆ ನಿಯಮವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದವರೂ ಇವರೇ.

"ಎಲ್ಲಾರಿಗೂ ಏನ್ ಹೇಳತಿದ್ದೆ? ಪ್ರಯೋಗ ವರ್ಷಕ್ಕ ಒಂದ ಸಲ, ಅದನ್ನ ಮೊದ್ಲ ಹಿಡೀರಿ ಅಂತ. ಅವತ್ತು ಭಾಳ ನಾಚಿಕಿ ಆತ್ರಿ. ಮನಿಗೆ ಹೋಗಿ ಅತ್ತೆ."

ಅತ್ತಿದ್ದು ಒಂದೇ ದಿನ. ಮರುದಿನ ವಿಜ್ಞಾನದ ಮೇಷ್ಟ್ರು ಕಾಶಿನಾಥರ ಮುಂದೆ ನಿಂತರು. ಬೆಳಿಗ್ಗೆ ಆರಕ್ಕೆ ಪ್ರಯೋಗ ನಡೆಸಲು ನಾನು ತಯಾರು, ಆದರೆ ಒಬ್ಬರಿಗಾಗಿ ತಂಡ ಮಾಡಲು ಬರುವುದಿಲ್ಲ, ಕನಿಷ್ಠ ಆರು ಮಂದಿ ಬೇಕು ಎಂದರು ಅವರು. ಚಳಿಗಾಲದ ನಸುಕಿಗೆ ಯಾವ ವಿದ್ಯಾರ್ಥಿ ಬರುತ್ತಾನೆ? ಆಗ ಗುರುದೇವಿ ತಗಡಿನ ಪೆಟ್ಟಿಗೆ ತೆಗೆದು ಅದರಲ್ಲಿದ್ದ ಅಷ್ಟೂ ಹಾಳೆಗಳನ್ನು ನೆಲದ ಮೇಲೆ ಹರಡಿದರು. ಎಂಟನೇ ಚೌಕವೊಂದೇ ಖಾಲಿ ಉಳಿದು ಓದು ನಿಲ್ಲಿಸಿದವರು ಹದಿನಾಲ್ಕು ಜನ ಸಿಕ್ಕರು. ಪಾಳಿ ಕೆಲಸದವರು, ಅಂಗಡಿ ಕೆಲಸದವರು. ತಮ್ಮ ಹಾಗೆಯೇ ಶನಿವಾರ ಹತ್ತು ಗಂಟೆಗೆ ಬರಲಾಗದವರು. ಒಂದು ವಾರ ಕಾಲಿಗೆ ಚಕ್ರ ಕಟ್ಟಿಕೊಂಡು ಸಿಕಂದರಾಬಾದಿನಿಂದ ಕೋಠಿಯವರೆಗೂ ಅಲೆದರು. ಐದು ಮಂದಿ ಒಪ್ಪಿದರು.

ಅವರಲ್ಲೊಬ್ಬ ಹುಲಗೇಶ, ಲೇತ್ ಯಂತ್ರದ ಕೆಲಸಗಾರ. ಗುರುದೇವಿಗೆ ಹಳೆಯ ನಕ್ಷೆಗಳನ್ನು ತಂದುಕೊಡುವವನೂ ಅವನೇ. ರಾತ್ರಿ ಪಾಳಿ ಮುಗಿಸಿ, ಎಣ್ಣೆ ಕೈಯಲ್ಲೇ ಬಂದು ಕೂರುತ್ತಾನೆ. "ಅಕ್ಕ ಬಂದು ಹಾಳಿ ತೋರ್ಸಿದ್ಲು. ನಂದ ಹೆಸರು, ಎರಡೂವರಿ ವರ್ಷದ ಹಿಂದಿಂದು. ನಾನ ಮರತಿದ್ದೆ, ಆಕಿ ಮರತಿದ್ದಿಲ್ಲ. ಇಲ್ಲ ಅನ್ನಾಕ ಬಾಯಿ ಬರ್ಲಿಲ್ರಿ." ಹೀಗೆ ಹತ್ತು ಶನಿವಾರ ನಸುಕಿನಲ್ಲಿ ಆರು ಮಂದಿಯ ಪ್ರಯೋಗ ನಡೆಯಿತು. ಬ್ಯುರೆಟ್ಟಿನ ಕೀಲಿ ಮೊದಮೊದಲು ಗುರುದೇವಿಯ ಕೈಗೆ ಒಗ್ಗಲಿಲ್ಲ. ಒಂದು ಹನಿ ಬಿಡಿ ಎಂದರೆ ಒಂದು ಧಾರೆ ಬಿಡುತ್ತಿದ್ದರು.

ಆರೂವರೆಗೆ ಪರೀಕ್ಷಕರು ಬರುತ್ತಾರೆ. ವಯಸ್ಸಾದವರು, ಮಾತು ಕಡಿಮೆ. ಗುರುದೇವಿ ಬಿಳಿ ಹಾಳೆಯ ಮೇಲೆ ಶಂಕುವಿನಾಕಾರದ ಪಾತ್ರೆ ಇಟ್ಟು, ಎಡಗೈಯಲ್ಲಿ ಕೀಲಿ ಹಿಡಿದು, ಬಲಗೈಯಲ್ಲಿ ಪಾತ್ರೆ ಆಡಿಸುತ್ತಾರೆ. ಹನಿ, ಇನ್ನೊಂದು ಹನಿ. ತಿಳಿನೀರಿನಂಥ ದ್ರಾವಣಕ್ಕೆ ತೆಳುವಾದ ಗುಲಾಬಿ ಬಣ್ಣ ಹತ್ತಿ ನಿಲ್ಲುತ್ತದೆ. ಕೀಲಿ ತಿರುಗಿಸಿ ಅಂಕಿ ಬರೆದುಕೊಳ್ಳುತ್ತಾರೆ. ಮೂರು ಸಲವೂ ಅಂಕಿ ಒಂದಕ್ಕೊಂದು ಹತ್ತಿರವೇ ಬರುತ್ತದೆ.

ಪರೀಕ್ಷಕರು ಅಂಕಿ ನೋಡುವ ಬದಲು ಗಾಜು ನೋಡುತ್ತಿದ್ದಾರೆ. ಹಳೆಯ ಗಾಜು, ಆದರೆ ಒಂದು ಕಂದು ಕಲೆ ಇಲ್ಲ. ಪ್ರಯೋಗದ ನೇರಳೆ ರಾಸಾಯನಿಕ ಪರ್ಮಾಂಗನೇಟಿನ ಕಲೆ ತೆಗೆಯುವುದು ಹೇಗೆ ಎಂದು ತೆಲುಗಿನಲ್ಲಿ ಕೇಳುತ್ತಾರೆ. ನಿಂಬೆಹುಳಿ ಹಾಕಿ ತಿಕ್ಕುತ್ತೇನೆ ಎನ್ನುತ್ತಾರೆ ಗುರುದೇವಿ. ನಿಂಬೆಹುಳಿಗೆ ಅದು ಯಾಕೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಹುಳಿಯು ಕಲೆಯಲ್ಲಿರುವ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತದೆ, ಆಗ ಕಲೆ ನೀರಿನಲ್ಲಿ ಕರಗುವ ಹಾಗಾಗುತ್ತದೆ ಎಂದು ಇವರು ನಿಧಾನವಾಗಿ ಹೇಳುತ್ತಾರೆ. ಮೂಲೆಯಲ್ಲಿ ನಿಂತ ಕಾಶಿನಾಥರು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಫಲಿತಾಂಶ ಅದೇ ದಿನ ಮಧ್ಯಾಹ್ನ ಮೂರಕ್ಕೆ. ಆಫೀಸಿನಿಂದ ಮಡಚಿದ ಕಾಗದ ಕೈಗೆ ಬರುತ್ತದೆ. ಕಾಗದ ಅಂಟಿಸುವವರು ಯಾರು? ಗುರುದೇವಿಯೇ. ಬಿಸಿ ಅಂಟಿನ ಡಬ್ಬಿ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಾರೆ. ಪಾಳಿಗೆ ಮುಂಚೆ ನಿದ್ದೆಗೆಟ್ಟು ಬಂದ ಹುಲಗೇಶ, ಭಾಗ್ಯಶ್ರೀ, ಇನ್ನೊಂದಿಷ್ಟು ಹುಡುಗರು ಹಿಂದೆ ನಿಂತು ಬೇಗ ಬಿಚ್ಚಿ ಎಂದು ಪೀಡಿಸುತ್ತಾರೆ. ಇವರು ಕಾಗದ ಬಿಚ್ಚಿ ಬೋರಲಿಟ್ಟು, ಹಿಂಬದಿಗೆ ಅಂಟು ಸವರಿ, ಕಣ್ಣು ಹಾಯಿಸದೆ, ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಒತ್ತಿ ಕೂರಿಸುತ್ತಾರೆ. ಸೊಟ್ಟಗಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಎರಡು ಹೆಜ್ಜೆ ಹಿಂದೆ ಬಂದು ಓದುತ್ತಾರೆ. ಆರು ಹೆಸರು, ಆರೂ ಪಾಸು. ಮೂರನೆಯ ಸಾಲಿನಲ್ಲಿ ಗುರುದೇವಿ ದ್ಯಾವಪ್ಪ.

ಭಾಗ್ಯಶ್ರೀ ಪೆಟ್ಟಿಗೆಯಿಂದ ಅವರ ಹಾಳೆ ತಂದು ಪೆನ್ನು ಚಾಚುತ್ತಾಳೆ. ಕೈ ತುಂಬ ಅಂಟು, ನೀನೇ ತುಂಬು ಎನ್ನುತ್ತಾರೆ ಗುರುದೇವಿ. ಹುಡುಗಿ ಎಂಟನೇ ಚೌಕ ತುಂಬಿ, ಮೇಲಿನ 'ಮೇಜು' ಎಂಬ ಪದದ ಮೇಲೆ ಬೆರಳಿಟ್ಟು, ಇನ್ನು ಆಫೀಸಿನೊಳಗೆ ಎಲ್ಲಿ ಕೂರುತ್ತೀರಿ, ಕಿಟಕಿ ಪಕ್ಕವೋ ಫ್ಯಾನಿನ ಕೆಳಗೋ ಎಂದು ಕೀಟಲೆ ಮಾಡುತ್ತಾಳೆ.

ಗುರುದೇವಿ ಪಡಸಾಲೆಯ ತಿರುವಿನಲ್ಲಿರುವ ಸ್ಟೂಲಿನ ಕಡೆ ನೋಡುತ್ತಾರೆ. ಅಲ್ಲಿ ಆಗಲೇ ಹೊಸಬನೊಬ್ಬ ಬಂದು ನಿಂತಿದ್ದಾನೆ; ಯಾರನ್ನು ಕೇಳುವುದೆಂದು ತಿಳಿಯದೆ ಆಫೀಸಿನ ಬಾಗಿಲು ನೋಡುತ್ತ, ಒಳಗೆ ಕಾಲಿಡದೆ.

"ಮೇಜು ಬಂದ್ರ ಒಳಗ ಇಡಬ್ಯಾಡಂತ ಸರ್‌ಗೆ ಹೇಳತೀನಿ. ಅಲ್ಲೇ, ಸ್ಟೂಲ ಇದ್ದ ಜಾಗಾದಾಗ ಇಡ್ಲಿ. ಒಳಗ ಬರಾಕ ಹುಡುಗುರು ಅಂಜತಾರ" ಎಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಕಡೆಗೆ ನಡೆಯುತ್ತಾರೆ.