ಪುಟದ ಬುಡದಲ್ಲಿ ಮೂರು ಬೆರಳು ಜಾಗ

ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದವಳು ಅಚ್ಚಕ್ಕ. ಅಚ್ಚುಕೂಟಕ್ಕೆ ಬರುತ್ತಿದ್ದವರು ಇಟ್ಟ ಹೆಸರು ಅದು. ಅಚ್ಚಿನ ಮೊಳೆ ಜೋಡಿಸುವ ಅಕ್ಕ, ಅಚ್ಚಕ್ಕ. ಎಡಗೈಯಲ್ಲಿ ಕಬ್ಬಿಣದ ಪಟ್ಟಿ, ಬಲಗೈಯಲ್ಲಿ ಸೀಸದ ಮೊಳೆ. ಬಾಯಿ ಪಕ್ಕದವಳ ಜೊತೆ ಹರಟುತ್ತಿದ್ದರೂ ಬೆರಳು ತಾನಾಗಿ ಬೇಕಾದ ಅಕ್ಷರದ ಖಾನೆಗೇ ಹೋಗುತ್ತಿತ್ತು. ಈಗ ಆ ಜಾಗದಲ್ಲಿ ಚಪ್ಪಲಿ ಅಂಗಡಿ ಇದೆ. ಆ ದಾರಿಯಲ್ಲಿ ಹೋದಾಗಲೆಲ್ಲ ಅಚ್ಚಕ್ಕನ ಮೂಗು ಮೊಳೆ ತೊಳೆಯುತ್ತಿದ್ದ ಸೀಮೆಎಣ್ಣೆಯ ವಾಸನೆ ಹುಡುಕುತ್ತದೆ. ಸಿಗುವುದು ಹೊಸ ರಬ್ಬರಿನದು.

ಆ ಅಚ್ಚುಕೂಟದಲ್ಲಿ ಬಿಲ್ಲು ಪುಸ್ತಕ, ಕರಪತ್ರ, ಮದುವೆ ಕಾಗದಗಳ ನಡುವೆ ತಿಂಗಳಿಗೊಮ್ಮೆ ಒಂದು ಸಾಹಿತ್ಯ ಪತ್ರಿಕೆಯೂ ಅಚ್ಚಾಗುತ್ತಿತ್ತು. ಆ ವಾರ ಬಂತೆಂದರೆ ಕವಿಗಳ ದಂಡೇ ಇಳಿಯುತ್ತಿತ್ತು. ಕರಡು ನೋಡುವುದು ನೆಪ, ಬಂದದ್ದು ಜಗಳಕ್ಕೆ. ಸಂಪಾದಕರು ಒಂದು ಪದ ಹೊಡೆದುಹಾಕಿದರೆ ಸಾಕು, "ಪ್ರಾಣ ಬೇಕಾದ್ರೆ ತಗೊಳ್ಳಿ, ಆ ಪದ ಬಿಡಿ" ಎಂದು ಮೇಜು ಗುದ್ದುವವರಿದ್ದರು. ಒಬ್ಬ ಕಥೆಗಾರ ಒಂದು ಅಲ್ಪವಿರಾಮಕ್ಕಾಗಿ ಆರು ತಿಂಗಳು ಮಾತು ಬಿಟ್ಟಿದ್ದ. ಇದನ್ನೆಲ್ಲ ಕೇಳುತ್ತಾ ಮೊಳೆ ಜೋಡಿಸುತ್ತಿದ್ದ ಅಚ್ಚಕ್ಕನಿಗೆ ನಗು ಬರುತ್ತಿತ್ತು. ಸುಳ್ಳೇಕೆ, ಹೊಟ್ಟೆಯೂ ಉರಿಯುತ್ತಿತ್ತು. ತಾನು ಬರೆದ ಒಂದು ಪದಕ್ಕಾಗಿ ಯಾರಾದರೂ ತನ್ನೊಡನೆ ಹಾಗೆ ಜಗಳವಾಡಬಾರದೇ ಅನ್ನಿಸುತ್ತಿತ್ತು.

ಒಂದು ಸಲ ಸಂಪಾದಕರು ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಕಥೆಯೊಂದು ಪುಟದ ಬುಡದಲ್ಲಿ ಮೂರು ಬೆರಳು ಜಾಗ ಇರುವಾಗಲೇ ಮುಗಿದುಹೋಯಿತು. ಇಂಥ ಜಾಗ ತುಂಬಿಸಲು ಅವರು ಪುಟ್ಟ ಕವಿತೆಗಳ ಒಂದು ಕಡತ ಇಟ್ಟಿರುತ್ತಿದ್ದರು. ನೋಡಿದರೆ ಅದೂ ಖಾಲಿ. ಹೂಬಳ್ಳಿ ಚಿತ್ರದ ಬ್ಲಾಕಾದರೂ ಹಾಕೋಣವೆಂದರೆ ಅದು ಯಾರದೋ ಮದುವೆ ಕಾಗದದಲ್ಲಿ ಸಿಕ್ಕಿಕೊಂಡಿತ್ತು. ಅತ್ತ ಯಂತ್ರದವನು ಕೂಗಾಡುತ್ತಿದ್ದ. ಅಚ್ಚಕ್ಕನ ತಾಯಿ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಅವಳು ಕಾಗದ ಮುಟ್ಟದೆ ನೇರವಾಗಿ ಸೀಸದಲ್ಲೇ ಬರೆದಳು:

ಅಮ್ಮ ಹೋದ ಮೇಲೆ
ಅವಳ ಕನ್ನಡಕ ಹಾಕಿಕೊಂಡು ನೋಡಿದೆ.
ಎಲ್ಲ ಮಸುಕು.
ಅವಳಿಗೆ ನಾನು ಸ್ಪಷ್ಟವಾಗಿ ಕಾಣುತ್ತಿದ್ದೆ.

ಹೆಸರು ಹಾಕುವ ಧೈರ್ಯ ಬರಲಿಲ್ಲ. ವಾಪಸು ಬಂದ ಸಂಪಾದಕರು ಸಂಚಿಕೆ ತಿರುವಿ, "ಚೆನ್ನಾಗಿ ಬಂದಿದೆ" ಅಂದರು, ಅಷ್ಟೇ. ತಾವೇ ಎಂದೋ ಆರಿಸಿಟ್ಟದ್ದು ಅಂದುಕೊಂಡರೋ ಏನೋ. ಮರೆವಿನಲ್ಲಿ ಅವರದು ಎತ್ತಿದ ಕೈ. ಅಲ್ಲಿಂದ ಅಚ್ಚಕ್ಕನಿಗೆ ರುಚಿ ಹತ್ತಿತು. ಜಾಗ ಉಳಿದಾಗಲೆಲ್ಲ ಬರೆದಳು. ಉಳಿಯದಿದ್ದರೆ ಉಳಿಸಿಕೊಂಡಳು! ಯಾರದಾದರೂ ಕಥೆಯ ಸಾಲುಗಳ ನಡುವಿನ ಸೀಸದ ಪಟ್ಟಿ ಕಿತ್ತು, ಕಥೆಯನ್ನು ಮೇಲಕ್ಕೆ ಒತ್ತರಿಸಿ, ಬುಡದಲ್ಲಿ ತನಗೊಂದು ಜಾಗ ಮಾಡಿಕೊಳ್ಳುತ್ತಿದ್ದಳು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಖಾನೆಗೆ ಹಾಕುವವಳೂ ಅವಳೇ. ಹೀಗೆ ನಲವತ್ತಕ್ಕೂ ಹೆಚ್ಚು ಕವಿತೆ ಬರೆದರೂ ಅವಳ ಕೈಬರಹದಲ್ಲಿ ಒಂದೂ ಉಳಿಯಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ಆ ಪುಣ್ಯಾತ್ಮ ಬೀದಿಗೆಲ್ಲ ಡಂಗುರ ಹೊಡೆಯುತ್ತಿದ್ದ.

ಆಮೇಲೆ ಕಂಪ್ಯೂಟರ್ ಬಂತು, ಸೀಸ ತೂಕಕ್ಕೆ ಹೋಯಿತು, ಪತ್ರಿಕೆಯೂ ನಿಂತಿತು. ಸಂಪಾದಕರು ಈಗ ಕೋಲು ಹಿಡಿದು ನಡೆಯುತ್ತಾರೆ.

ಮೊನ್ನೆ ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ ಹೊಸ ಕಾಲದ ಕವಿಗಳು ಸೇರಿದ್ದರು. ಅವರೂ ಒಂದು ಪತ್ರಿಕೆ ಹೊರಡಿಸಲಿದ್ದವರು. ಅದರ ಮುಂದಾಳು ಒಬ್ಬ ಚುರುಕು ಹುಡುಗಿ. ಹಳೆಯ ಸಂಪಾದಕರನ್ನೂ ಅಚ್ಚಕ್ಕನನ್ನೂ ಅವಳೇ ಹುಡುಕಿ ಕರೆಸಿದ್ದಳು. ಒಬ್ಬೊಬ್ಬರೂ ಫೋನು ನೋಡಿಕೊಂಡು ಕವಿತೆ ಓದಿದರು. ಓದುವಾಗ ದನಿ ನಡುಗುವುದು ಮಾತ್ರ ಅಂದಿನಂತೆಯೇ ಇದೆಯಲ್ಲ ಎಂದು ಹಿಂದಿನ ಸಾಲಿನಲ್ಲಿ ಕೂತ ಅಚ್ಚಕ್ಕನಿಗೆ ಖುಷಿಯಾಯಿತು.

ಕೊನೆಗೆ ಹುಡುಗಿ ಒಂದು ಹಳೆಯ ಸಂಚಿಕೆ ಎತ್ತಿಕೊಂಡು ಕನ್ನಡಕದ ಕವಿತೆ ಓದಿದಳು. "ನಾನು ಬರೆಯೋಕೆ ಶುರು ಮಾಡಿದ್ದೇ ಈ ಬುಡದ ಕವಿತೆಗಳನ್ನ ಓದಿ. ನಮ್ಮ ಮೊದಲ ಸಂಚಿಕೆಯಲ್ಲಿ ಎಲ್ಲಾನೂ ಮತ್ತೆ ಹಾಕ್ತೀವಿ. ಬರೆದೋರು ಯಾರು ಸರ್?"

ಸಂಪಾದಕರು ಕಣ್ಣು ಮುಚ್ಚಿ ಯೋಚಿಸಿದರು. "ನನ್ನ ಪತ್ರಿಕೇಲಿ ಹೆಸರಿಲ್ದೆ ಬರೆಯೋರು ಇನ್ಯಾರಮ್ಮಾ? ನಾನೇ ಬರ್ದಿರ್ಬೇಕು."

ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಹಾಗೇ ನಂಬಿದ್ದರು. ಜನ ಚಪ್ಪಾಳೆ ತಟ್ಟಿದರು, ಹುಡುಗಿ ಪೆನ್ನು ತೆಗೆದು ಅವರ ಹೆಸರು ಬರೆಯಲು ಬಗ್ಗಿದಳು. ಅಚ್ಚಿನಲ್ಲಿ ಒಮ್ಮೆ ಬಿದ್ದ ಹೆಸರನ್ನು ಏಳಿಸುವುದು ಯಾರಿಂದಲೂ ಆಗದ ಮಾತು. ಅದು ಅಚ್ಚಕ್ಕನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಅವಳು ಎದ್ದು ನಿಂತಳು.

"ಸಾರ್, ನಿಮ್ಮಮ್ಮ ಕನ್ನಡಕ ಹಾಕ್ತಿರ್ಲಿಲ್ಲ."

ಸಂಪಾದಕರು ಹಿಂತಿರುಗಿ ನೋಡಿದರು.

"ಎಂಬತ್ತು ದಾಟಿದ್ರೂ ಅಚ್ಚುಕೂಟಕ್ಕೆ ಬಂದು, ಬರಿಗಣ್ಣಲ್ಲೇ ಕರಡು ಓದಿ ನಮ್ಮ ತಪ್ಪು ಎತ್ತಿ ತೋರಿಸ್ತಿದ್ರು. ಇದು ನಮ್ಮಮ್ಮನ ಕನ್ನಡಕ ಸಾರ್. ಬರೆದೋಳು ನಾನು. ಹೆಸರಿಲ್ದೆ ಇರೋ ಅಷ್ಟೂ ನಂದೇ."

ಮುದುಕರಿಗೆ ತುಂಬಿದ ಸಭೆಯಲ್ಲಿ ಮುಖಭಂಗ ಮಾಡಿದೆನಲ್ಲ ಎಂದು ಅಚ್ಚಕ್ಕ ಕುಗ್ಗಿಹೋದಳು. ಸಂಪಾದಕರು ಹುಡುಗಿಯಿಂದ ಸಂಚಿಕೆಯನ್ನು ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು.

"ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಯಾ?"

"ಹೂಂ ಸಾರ್."

"ಮೊದ್ಲೇ ತೋರ್ಸೋದಲ್ವಾ? ಆ 'ಸ್ಪಷ್ಟವಾಗಿ' ಅನ್ನೋದನ್ನ ಹೊಡೆದುಹಾಕ್ತಿದ್ದೆ. 'ಅವಳಿಗೆ ನಾನು ಕಾಣುತ್ತಿದ್ದೆ.' ಅಷ್ಟು ಸಾಕಲ್ಲಮ್ಮಾ! ಈಗ್ಲಾದ್ರೂ ತೆಗೆದುಹಾಕು."

ಅವರು ಹೇಳಿದ್ದರಲ್ಲಿ ಹುರುಳಿತ್ತು. ಅಷ್ಟು ವರ್ಷ ಅವರ ತಿದ್ದುಪಡಿ ಜೋಡಿಸಿದವಳಿಗೆ ಅದು ತಿಳಿಯದೇ? ಆದರೂ ತನ್ನ ಪದಕ್ಕೂ ಒಬ್ಬರು ಜಗಳಕ್ಕೆ ಬಂದರಲ್ಲ ಎಂದು ಅಚ್ಚಕ್ಕ ಹಿಗ್ಗಿದಳು. ಮೂಗು ಒರೆಸಿಕೊಂಡು ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ ಸಾರ್, ಅದು ಇರ್ಬೇಕು. ನಾನು ಹಾಗೆ ಕಾಣ್ತಿದ್ದಿದ್ದು ಅವಳೊಬ್ಬಳಿಗೇ."