ಮೇಲಿನ ಮನೆಯ ಮಂತ್ರಿಮಂಡಲ

ನಿನ್ನೆ ಪುಣೆಯ ವಾಕಡದ ನನ್ನ ಅಡುಗೆಮನೆಯಲ್ಲಿ ಶೇಂಗಾ ಸೀದುಹೋಯಿತು. ಬಾಣಲೆ ಒಲೆಯ ಮೇಲಿಟ್ಟು, ಬಾಲ್ಕನಿಯಲ್ಲಿ ನಿಂತು ಹಳೆಯ ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ತಳದ ಕಾಳುಗಳೆಲ್ಲ ಕಪ್ಪು. ಗ್ಯಾಸ್ ಆರಿಸಿದೆ, ಕಿಟಕಿ ತೆಗೆಯಲಿಲ್ಲ. ಆ ವಾಸನೆಯಲ್ಲಿ ನಿಂತು, ಯಾಕೆಂದು ಗೊತ್ತಾಗುವ ಮೊದಲೇ, ಕತ್ತೆತ್ತಿ ಚಾವಣಿ ನೋಡಿದೆ. ಮೇಲೆ ಸಭೆ ಕಾವೇರಿದೆ ಅಂದುಕೊಂಡೆ. ಮೇಲೆ ಈಗ ಇರುವವರು ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ಮೂವರು ಹುಡುಗರು. ಅವರಿಗೆ ಒಲೆ ಹೊತ್ತಿಸಲೂ ಪುರಸೊತ್ತಿಲ್ಲ.

ಕಾಕಾರ ಬಗ್ಗೆ ಬರೆಯುವುದಾದರೆ ಇಲ್ಲಿಂದಲೇ ಶುರು ಮಾಡಬೇಕು. ಬೇರೆ ಯಾವ ತುದಿ ಹಿಡಿದು ಎಳೆದರೂ ಗಂಟು ಬಿಗಿಯುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನೂ ಅವ್ವನೂ ಇದೇ ಊರಿನ ಕೊಂಢವಾದಲ್ಲಿ ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆವು. ಮೇಲೆ ಮನೆಯ ಮಾಲೀಕರು, ಬೆಳಗಾವಿ ಕಡೆಯ ಕುಟುಂಬ. ಕಾಕಾ, ಕಾಕು, ಕಾಕಾರ ತಾಯಿ, ತಮ್ಮ, ತಮ್ಮನ ಹೆಂಡತಿ, ಮಕ್ಕಳು. ಕಾಕಾ ಮುಂಬೈಯಲ್ಲಿ ಮಂತ್ರಿಗಳು ಸಭೆ ಸೇರುವ ಮಹಡಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾಗಿದ್ದರು. ಸಭೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಬಾಗಿಲು ಮುಚ್ಚುವುದನ್ನು ಕಂಡಿದ್ದರು, ತೆರೆಯುವುದನ್ನು ಕಂಡಿದ್ದರು.

“ಒಳಗ ಹೋಗೂ ಮುಂದ ಒಬ್ಬರ ಮಾರಿ ಒಬ್ಬರು ನೋಡತಿರಲಿಲ್ಲ,” ಅನ್ನುತ್ತಿದ್ದರು. “ಹೊರಗ ಬರೂ ಮುಂದ ಎಲ್ಲಾರದೂ ಒಂದ ಮಾತು. ಒಳಗ ಏನ್ ಮಾಡ್ತಾರ ಅನ್ನೂದು ನನಗ ಇನ್ನೂ ತಿಳಿದಿಲ್ಲ ನೋಡವಾ.”

ತಿಳಿಯದ್ದನ್ನು ಅವರು ಮನೆಗೆ ತಂದರು. ಆ ಮನೆಯಲ್ಲಿ ಸರಿಯಾದ ಚಿಲಕವಿದ್ದದ್ದು ಅಡುಗೆಮನೆಯ ಬಾಗಿಲಿಗೆ ಮಾತ್ರ. ಹಾಗಾಗಿ ಭಾನುವಾರ ಬೆಳಿಗ್ಗೆ ಮಂತ್ರಿಮಂಡಲ ಅಲ್ಲಿಯೇ ಸೇರುತ್ತಿತ್ತು. ಕಾಕಾ ಪ್ರಧಾನಿ. ಕಾಕುಗೆ ಅರ್ಥಖಾತೆ. ತಮ್ಮನಿಗೆ ನೀರು ಮತ್ತು ವಿದ್ಯುತ್ತು, ಅಂದರೆ ಮೋಟಾರು ಹಾಕುವುದು, ಫ್ಯೂಸ್ ಕಟ್ಟುವುದು. ತಮ್ಮನ ಹೆಂಡತಿ ಪುಣೆಯಲ್ಲೇ ಬೆಳೆದವಳು, ಮರಾಠಿ ಚುರುಕು. ಹಾಲಿನವನಿಂದ ಹಿಡಿದು ಅಕ್ಕಪಕ್ಕದ ಜಗಳಗಳ ತನಕ ವಿದೇಶಾಂಗ ವ್ಯವಹಾರ ಅವಳದು. ಎಂಬತ್ತು ದಾಟಿದ ತಾಯಿ, ಎಲ್ಲರಿಗೂ ಆಯಿ, ರಾಷ್ಟ್ರಪತಿ. ಎಲ್ಲವೂ ಅವರ ಹೆಸರಿನಲ್ಲಿ ನಡೆಯುತ್ತಿತ್ತು, ಏನನ್ನೂ ಅವರು ನಡೆಸುತ್ತಿರಲಿಲ್ಲ. ಮುಖ್ಯಮಂತ್ರಿ ಯಾಕಾಗಲಿಲ್ಲ ಕಾಕಾ ಎಂದು ನಾನೊಮ್ಮೆ ಕೇಳಿದ್ದೆ. “ರಾಜ್ಯ ಅಂದ್ರ ದಿಲ್ಲಿ ಕಡೆ ನೋಡಬೇಕಾಗ್ತದ. ನಮ್ಮ ಮನಿ ಯಾರ ಕಡೆನೂ ನೋಡಂಗಿಲ್ಲ,” ಎಂದಿದ್ದರು.

ಊಟಕ್ಕೆ ಕೂಡುವವರೆಲ್ಲ ಲೋಕಸಭೆ. ಮಂಡಲ ಒಟ್ಟಾಗಿ ಆ ಸಭೆಗೆ ಉತ್ತರ ಕೊಡಬೇಕು. ರಾತ್ರಿ ಉಪ್ಪಿಟ್ಟೊಂದೇ ಎಂಬ ನಿರ್ಣಯವಾದಾಗ ತಮ್ಮನ ಮಕ್ಕಳು ತಾಟು ಸರಿಸಿ ಎದ್ದುಹೋದರು. ಕಾಕಾ ಅದನ್ನು ಅವಿಶ್ವಾಸ ಎಂದು ಗಂಭೀರವಾಗಿ ಒಪ್ಪಿಕೊಂಡು ಮರುದಿನವೇ ಜೋಳದ ಭಕ್ರಿ ಮಾಡಿಸಿದರು. ಅದು ದಿಲ್ಲಿಯಲ್ಲಿ ಸರ್ಕಾರಗಳು ಒಂದರ ಮೇಲೊಂದು ಬೀಳುತ್ತಿದ್ದ ಕಾಲ. ಟಿವಿಯಲ್ಲಿ ಯಾರೋ ಎದ್ದು ನಿಂತು ಬಹುಮತದ ಮಾತಾಡುವಾಗ ಕಾಕಾ ಶೇಂಗಾ ಚಟ್ನಿ ಹಚ್ಚಿದ ಭಕ್ರಿ ಹಿಡಿದು ಅಗಿಯುವುದನ್ನೇ ಮರೆಯುತ್ತಿದ್ದರು.

ಮುಖ್ಯವಾದದ್ದು ಎರಡೇ ನಿಯಮ. ಒಳಗೆ ಯಾರು ಯಾರ ಮೇಲೆ ಬೇಕಾದರೂ ಕೂಗಾಡಬಹುದು, ಹೊರಗೆ ಎಲ್ಲರದೂ ಒಂದೇ ದನಿ. ಒಪ್ಪದವನು ರಾಜೀನಾಮೆ ಕೊಟ್ಟು ಹೊರಡಬೇಕು. ಒಳಗಿನ ಮಾತು ಹೊರಗೆ ಬರಕೂಡದು, ಅದಕ್ಕೆ ಆಯಿಯ ಮುಂದೆ ಪ್ರಮಾಣವೂ ಆಗಿತ್ತು. ನಿಜಕ್ಕೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆದರೆ ವಾರದ ಚಟ್ನಿಪುಡಿಗೆ ಕಾಕು ಶೇಂಗಾ ಹುರಿಯುತ್ತಿದ್ದದ್ದು ಅದೇ ಹೊತ್ತಿನಲ್ಲಿ, ಅದೇ ಅಡುಗೆಮನೆಯಲ್ಲಿ. ಮಾತಿಗೆ ಮಾತು ಬೆಳೆದರೆ ಅವರ ಕೈಯ ಸೌಟು ನಿಂತುಬಿಡುತ್ತಿತ್ತು. ಕೆಳಗೆ ನಮಗೆ ಸೀದ ವಾಸನೆ ಬರುತ್ತಿತ್ತು. ಅವ್ವ ಕಿಟಕಿ ಮುಚ್ಚುತ್ತ, “ಇವತ್ತ ಯಾರೋ ಒಪ್ಪಿಲ್ಲ,” ಅನ್ನುತ್ತಿದ್ದಳು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ತೀರ ಸುಸೂತ್ರವಾಗಿದೆ. ಅಷ್ಟು ಒಪ್ಪವಾಗಿ ಆ ಮನೆ ಇತ್ತೇ... ಬಹುಶಃ ಎರಡು ಮೂರು ಭಾನುವಾರ ನಡೆದದ್ದನ್ನು ನಾನೇ ವರ್ಷಗಟ್ಟಲೆ ಹಾಸುತ್ತಿದ್ದೇನೆ. ಮುಂದಿನದು ಮಾತ್ರ ನಡೆದದ್ದು ಖಂಡಿತ. ಹೇಗೆ ನಡೆಯಿತು ಎಂಬುದರಲ್ಲೇ ನನ್ನ ಗೊಂದಲ.

ಕಾಕಾರ ಮಗಳು ನನ್ನ ವಾರಿಗೆಯವಳು. ಸೋಲಾಪುರಕ್ಕೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಒಂದೇ ಒಂದು ಚೀಲ ಹಿಡಿದು ಮರಳಿ ಬಂದಳು. ಗಂಡ ಹೊಡೆಯುತ್ತಾನೆ ಎಂದು ನನಗೆ ಹೇಳಿದಳು. ಮೇಲೆ ಎಷ್ಟು ಹೇಳಿದ್ದಳೋ ತಿಳಿಯದು. ಕಾಕಾ ಅವಳನ್ನು ಖಾತೆಯಿಲ್ಲದ ರಾಜ್ಯಮಂತ್ರಿ ಮಾಡಿದರು. ಅಂದರೆ ಮಂಡಲದಲ್ಲಿ ಅವಳೂ ಉಂಟು, ಕರೆದರೆ ಮಾತ್ರ ಒಳಗೆ. ಅವಳು ನಕ್ಕಿದ್ದಳು. ಕೆಲವು ತಿಂಗಳಲ್ಲಿ ಸೋಲಾಪುರದಿಂದ ಬೀಗರು ಕರೆದೊಯ್ಯಲು ಬರುತ್ತೇವೆಂದು ಹೇಳಿಕಳಿಸಿದರು. ಅದೇ ಹೊತ್ತಿಗೆ ತಮ್ಮನ ಮಗಳ ಲಗ್ನದ ಮಾತೂ ನಡೆದಿತ್ತು, ಗಂಡನನ್ನು ಬಿಟ್ಟು ಬಂದವಳು ಮನೆಯಲ್ಲಿದ್ದರೆ ಅದಕ್ಕೆ ತೊಡಕು. ಕಾಕಾರ ಮಗಳನ್ನು ಕಳಿಸಬೇಕೋ ಇಟ್ಟುಕೊಳ್ಳಬೇಕೋ ಎಂದು ತೀರ್ಮಾನಿಸಲು ಭಾನುವಾರ ಅಡುಗೆಮನೆಯ ಚಿಲಕ ಬಿತ್ತು. ಅವಳನ್ನು ಕರೆಯಲಿಲ್ಲ.

ಅವಳು ಕೆಳಗೆ ಬಂದು ನಮ್ಮ ಅಡುಗೆಕಟ್ಟೆಗೆ ಒರಗಿ ಕೂತಳು.

“ರಾಜ್ಯಮಂತ್ರಿ ಕೆಳಗ, ಆಕಿ ಹಣೆಬರಹ ಮ್ಯಾಲ,” ಅಂದಳು. ಆಮೇಲೆ, “ವಾಸನಿ ಬಂತಂದ್ರ ತಿಳ್ಕೋ, ಅಪ್ಪಾ ನನ್ನ ಸಲುವಾಗಿ ಜಗಳಾ ಮಾಡಲಿಕ್ಕತ್ತಾನ. ಬರಲಿಲ್ಲಂದ್ರ ನಾ ಚೀಲಾ ತುಂಬಕೊಳ್ಳೂದ.”

ನಾವಿಬ್ಬರೂ ಕಿಟಕಿಗೆ ಮುಖ ಮಾಡಿ ಕಾದೆವು.

ವಾಸನೆ ಬಂತು. ಹಾಗೆಂದು ನನ್ನ ನೆನಪು. ಆದರೆ ಆ ನೆನಪಿನಲ್ಲಿ ಅವ್ವ ಕಿಟಕಿ ಮುಚ್ಚುತ್ತಿದ್ದಾಳೆ, ಮತ್ತು ಅವ್ವ ಆ ದಿನ ಯೆರವಡಾದಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿದ್ದಳೆಂಬುದೂ ನೆನಪಿದೆ. ಎರಡರಲ್ಲಿ ಒಂದು ಬೇರೆ ಭಾನುವಾರದಿಂದ ನುಗ್ಗಿ ಬಂದದ್ದು. ವಾಸನೆಗೆ ತಾರೀಖು ಇರುವುದಿಲ್ಲ. ಅದೂ ಅಲ್ಲದೆ, ಜಗಳವಾಯಿತು ಎಂದಷ್ಟೇ ಅದು ಹೇಳೀತು, ಯಾರು ಯಾರ ಪರ ನಿಂತರು ಎಂದು ಹೇಳಲಾರದು.

ಚಿಲಕ ತೆಗೆದ ಸದ್ದಾಯಿತು. ಕಾಕಾ ತಾವೇ ಇಳಿದು ಬಂದು ಬಾಗಿಲ ಹೊರಗೇ ನಿಂತರು.

“ನಾವೆಲ್ಲಾ ಕೂಡಿ ನಿರ್ಣಯ ಮಾಡೀವಿ. ಬರೂ ಐತವಾರ ಅವರು ಬಂದಾಗ ಕಳಸ್ತೀವಿ.”

ನಾನು ಕೇಳಿದೆ: “ಕಾಕಾ, ನೀವ್ ಏನಂದ್ರಿ ಒಳಗ?”

“ಒಳಗ ಅಂದದ್ದು ಒಳಗ,” ಎಂದರು. ಮುಖದಲ್ಲಿ ಏನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಮುಖವೇ ಸಿಗುವುದಿಲ್ಲ. ಮೆಟ್ಟಿಲ ಕಟಾಂಜನ ಹಿಡಿದಿದ್ದ ಕೈ ಮಾತ್ರ ಸಿಗುತ್ತದೆ.

ಮುಂದಿನ ಭಾನುವಾರ ಬೀಗರು ಬಂದರು. ಅವಲಕ್ಕಿ, ಚಹಾ ಕೊಡುವ ಕೆಲಸಕ್ಕೆ ಕಾಕು ನನ್ನನ್ನು ಮೇಲೆ ಕರೆದಿದ್ದರು. ಮಗಳ ಚೀಲ ಬಾಗಿಲ ಹತ್ತಿರ ತಯಾರಾಗಿತ್ತು. ಬೀಗರ ಚಹಾ ಮುಗಿಯುತ್ತಿದ್ದಂತೆ ಕಾಕಾ ಎದ್ದರು. ಮಂಚದ ಮೇಲೆ ಕೂತಿದ್ದ ಆಯಿಯ ಮುಂದೆ ಹೋಗಿ ಕೈಮುಗಿದರು.

“ಆಯಿ, ನಾ ರಾಜೀನಾಮೆ ಕೊಡ್ತೀನಿ.”

ಆಯಿ ಅವರನ್ನು ದಿಟ್ಟಿಸಿ, “ಚಹಾ ಕುಡದೀ?” ಎಂದರು. ಆಮೇಲೆ, “ಇನ್ನೊಬ್ಬ ಸಿಗೂತನಕ ನೀನ ನೋಡ್ಕೊಂಡ ಹೋಗು.”

ಇಲ್ಲಿ ನಿಲ್ಲಿಸಬೇಕು. ಆ ಎರಡನೆಯ ಮಾತನ್ನು ಆಯಿ ನಿಜಕ್ಕೂ ಆಡಿದರೇ? ಆಡಿದ್ದರೆ ಅಷ್ಟು ವರ್ಷ ಸುಮ್ಮನೆ ಕೂತಿದ್ದ ರಾಷ್ಟ್ರಪತಿಗೆ ತನ್ನ ಕೆಲಸ ಚೆನ್ನಾಗಿ ಗೊತ್ತಿತ್ತು. ಆಡಿರದಿದ್ದರೆ ಕಾಕಾರೇ ಚಹಾದ ಮಾತಿಗೆ ಆ ಅರ್ಥ ಹಚ್ಚಿ ಬೀಗರ ಕಡೆ ತಿರುಗಿರಬೇಕು. ನನ್ನಲ್ಲಿ ಎರಡೂ ದೃಶ್ಯಗಳಿವೆ, ಎರಡರಲ್ಲೂ ಆಯಿಯ ಕೈಯಲ್ಲಿ ಅವಲಕ್ಕಿ ತಟ್ಟೆ ಇದೆ.

“ತಪ್ಪ ತಿಳೀಬ್ಯಾಡ್ರಿ ಬೀಗರ,” ಎಂದರು ಕಾಕಾ. “ಪ್ರಧಾನಿ ಹೋದರ ಇಡೀ ಮಂಡಲ ಹೋದಂಗ. ಈಗ ನಾವೆಲ್ಲಾ ಹಂಗಾಮಿ. ಹಂಗಾಮಿಯವರು ದೊಡ್ಡ ನಿರ್ಣಯ ಮಾಡೂ ಹಂಗಿಲ್ಲ.”

“ಅಂದ್ರ ಹುಡುಗೀನ್ನ ಕಳಸಂಗಿಲ್ಲ?”

“ಕಳಸಂಗಿಲ್ಲ ಅಂತ ನಾ ಹೇಳಿಲ್ರಿ. ಹಂಗ ಹೇಳೂದೂ ದೊಡ್ಡ ನಿರ್ಣಯನ ಆಗ್ತದ.”

“ಮತ್ತ ಹೊಸ ಸರ್ಕಾರ ಯಾವಾಗ್ರಿ?”

“ಆಯಿ ಯಾರನ್ನರೆ ಕರದಾಗ.”

ಬೀಗರು ಆಯಿಯ ಕಡೆ ನೋಡಿದರು. ಆಯಿ ಅವಲಕ್ಕಿಯಲ್ಲಿನ ಮೆಣಸಿನಕಾಯಿ ಆರಿಸಿ ಬದಿಗಿಡುತ್ತಿದ್ದರು. “ಪುಣೆಕ್ಕ ಬಂದು ನಿಮಗ ತಲಿ ಕೆಟ್ಟದ,” ಎಂದು ಬೀಗರು ಎದ್ದು ಹೋದರು. ಮತ್ತೆ ಬರುತ್ತೇವೆಂದರು. ಮತ್ತೊಮ್ಮೆ ಬಂದರು ಕೂಡ, ಅದೇ ಉತ್ತರ ಕೇಳಿ ಹೋದರು. ಆಮೇಲೆ ಬರಲಿಲ್ಲ.

ಆಯಿ ಯಾರನ್ನೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಂಕಿನಲ್ಲಿ ನೀರಿರಲಿಲ್ಲ. “ನಾ ಈಗ ಮಂತ್ರಿ ಎಲ್ಲಿ?” ಎಂದು ತಮ್ಮ ಹಾಸಿಗೆಯಿಂದ ಏಳಲೇ ಇಲ್ಲವಂತೆ. “ಹಂಗಾಮಿ ಮಂತ್ರಿ ಇದ್ದೀಯಪಾ. ಮೋಟಾರ್ ಹಾಕೂದು ದಿನದ ಕೆಲಸ, ಅದನ್ನ ಮಾಡಬೇಕು,” ಎಂದು ಕಾಕಾ ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. ಹೀಗೆ ದಿನದ ಕೆಲಸಗಳು ನಡೆದವು. ಭಾನುವಾರದ ಸಭೆ ನಿಂತಿತು. ತೀರ್ಮಾನಿಸುವ ಅಧಿಕಾರವೇ ಇಲ್ಲದ ಮೇಲೆ ಯಾಕೆ ಚಿಲಕ ಹಾಕುವುದು? ಮಗಳು ಬಾಲವಾಡಿಯೊಂದರಲ್ಲಿ ಕೆಲಸಕ್ಕೆ ಸೇರುತ್ತೇನೆಂದಾಗ ಕಾಕಾ, “ಹೂಂ ಅನ್ನೂ ಅಧಿಕಾರ ನನಗಿಲ್ಲ, ಬ್ಯಾಡ ಅನ್ನೂ ಅಧಿಕಾರನೂ ಇಲ್ಲ,” ಎಂದರು. ಅವಳು ಚಪ್ಪಲಿ ಮೆಟ್ಟಿ ಹೊರಟಳು. ತಮ್ಮನ ಮಗಳ ಲಗ್ನ ತಡವಾಗಿಯಾದರೂ ಆಯಿತು.

ಭಾನುವಾರ ಬೆಳಿಗ್ಗೆ ಕಾಕಾ ಕೆಳಗಿಳಿದು ನಮ್ಮ ಮೆಟ್ಟಿಲ ಮೇಲೆ ಕೂಡುವುದನ್ನು ರೂಢಿ ಮಾಡಿಕೊಂಡರು. ಒಂದು ಸಲ ಕತ್ತೆತ್ತಿ ಮೂಸಿ, “ಈಗ ನಿಮ್ಮ ಕಾಕು ಶೇಂಗಾ ಭಾಳ ಛಲೋ ಹುರೀತಾಳ,” ಎಂದರು. ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ಬಹಳ ವರ್ಷ ನಾನು ಇದನ್ನು ಜಾಣ ತಂದೆಯ ಕಥೆಯಾಗಿ ಹೇಳುತ್ತ ಬಂದೆ. ಕೇಳಿದವರು ಖುಷಿಪಡುತ್ತಿದ್ದರು. ಆಮೇಲೆ ಕಾನೂನು ಕಲಿಸುವ ಪರಿಚಯದವರೊಬ್ಬರು ನಗುತ್ತ ಹೇಳಿದರು: ಹಂಗಾಮಿ ಸರ್ಕಾರ ಹೊಸದಾಗಿ ದೊಡ್ಡ ನಿರ್ಣಯ ಮಾಡಬಾರದೆಂಬುದು ರೂಢಿ, ಸರಿ. ಆದರೆ ಕಳಿಸುವ ನಿರ್ಣಯ ಹಿಂದಿನ ವಾರವೇ ಆಗಿತ್ತಲ್ಲ, ಆದ ನಿರ್ಣಯವನ್ನು ಜಾರಿ ಮಾಡಲು ಏನು ಅಡ್ಡಿ?

ಏನೂ ಅಡ್ಡಿಯಿರಲಿಲ್ಲ. ಕಾಕಾ ತಪ್ಪು ತಿಳಿದಿದ್ದರೋ, ತಪ್ಪೆಂದು ತಿಳಿದೇ ಹೇಳಿದರೋ? ಮನೆಯಲ್ಲಿ ಆ ನಿಯಮಗಳನ್ನು ಅವರಷ್ಟೇ ಬಾಯಿಪಾಠ ಮಾಡಿದ್ದವನು ತಮ್ಮ. ಅವನು ಎದ್ದುನಿಂತು, ಅಣ್ಣಾ, ಅದು ಆಗಲೇ ಆದ ನಿರ್ಣಯ ಎಂದಿದ್ದರೆ ಮುಗಿಯುತ್ತಿತ್ತು. ಅವನು ಕಪ್ಪಿನ ತಳ ನೋಡುತ್ತ ಕೂತಿದ್ದ. ಮಗಳ ಲಗ್ನದ ಚಿಂತೆಯಿದ್ದ ಅವನೇ ಅವಳನ್ನು ಇಟ್ಟುಕೊಳ್ಳಲು ಅಡ್ಡ ಬಂದಿರಬೇಕೆಂದು ನಾನು ಊಹಿಸಿದ್ದೆ. ಹಾಗಾದರೆ ಸುಮ್ಮನಿದ್ದದ್ದು ಯಾಕೆ? ಒಳಗೆ ಅವಳ ಪರ ನಿಂತದ್ದು ತಮ್ಮನೇ ಇರಬಹುದೇ, ಕಳಿಸೋಣ ಎಂದದ್ದು ಕಾಕಾರೇ ಇರಬಹುದೇ, ಬಾಗಿಲ ಹತ್ತಿರದ ಆ ಚೀಲ ನೋಡಿ ಕೊನೆಯ ಗಳಿಗೆಯಲ್ಲಿ ಎದೆ ಒಡೆದು... ಅಥವಾ ಒಳಗೆ ಯಾರೂ ಏನೂ ಅನ್ನಲೇ ಇಲ್ಲವೇನೋ. ಒಂದೇ ದನಿಯಲ್ಲಿ ಮಾತಾಡುವ ಮನೆ ನಮಗೆ ಇಷ್ಟನ್ನೇ ಬಿಟ್ಟುಹೋಗುತ್ತದೆ.

ಒಳಗಿದ್ದವರಲ್ಲಿ ಕೇಳಬಹುದಾದವರು ಯಾರೂ ಈಗಿಲ್ಲ. ಆಯಿ ಮೊದಲು ಹೋದರು. ರಾಜೀನಾಮೆ ಪಡೆಯುವವರೂ ಹೊಸಬರನ್ನು ಕರೆಯುವವರೂ ಇಲ್ಲವಾಗಿ ಕಾಕಾ ಹಂಗಾಮಿಯಾಗಿಯೇ ಉಳಿದರು. ಅವರು ತೀರಿಕೊಳ್ಳುವ ಹೊತ್ತಿಗೆ ನಾವು ವಾಕಡಕ್ಕೆ ಬಂದಾಗಿತ್ತು. ಕೊನೆಯ ದಿನಗಳಲ್ಲಿ ನೋಡಲು ಹೋದಾಗ ಕೇಳಬೇಕೆಂದಿದ್ದೆ. ಅವರ ಕೈ ಹಿಡಿದು ಕೂತೆ, ಕೇಳಲಾಗಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನಿನ್ನೆ, ಗ್ಯಾಸ್ ಆರಿಸಿದ ಮೇಲೂ, ಫೋನು ನನ್ನ ಕಿವಿಗೇ ಇತ್ತು. ಆ ಕಡೆ ಇದ್ದವಳು ಕಾಕಾರ ಮಗಳು. ಈಗಲೂ ಅದೇ ಮನೆಯಲ್ಲಿದ್ದಾಳೆ, ಅದೇ ಬಾಲವಾಡಿಯನ್ನು ಈಗ ಅವಳೇ ನಡೆಸುತ್ತಾಳೆ.

“ಏನಾತ?” ಅಂದಳು.

“ಶೇಂಗಾ ಸೀದ್ವು.”

ಇಷ್ಟು ವರ್ಷ ಕೇಳದ್ದನ್ನು ಆಗ ಕೇಳಿದೆ. “ಆ ಐತವಾರ ನಿನಗ ವಾಸನಿ ಬಂದಿತ್ತೇನು?”

“ನನಗೆಲ್ಲಿಂದ ಬರಬೇಕವಾ. ಅತ್ತೂ ಅತ್ತೂ ಮೂಗ ಕಟ್ಟಿತ್ತು. ನೀನ ಅಲ್ಲಾ ನನ್ನ ಕೈ ಹಿಡಕೊಂಡು ಹೇಳಿದಾಕಿ, ಸೀಯಲಿಕ್ಕತ್ತದ, ಸೀಯಲಿಕ್ಕತ್ತದ ಅಂತ. ಅದೊಂದು ಮಾತಿನ ಮ್ಯಾಲೆ ನಾ ಅಪ್ಪನ ಜೋಡಿ ಇಷ್ಟ ವರ್ಷ...” ಅಲ್ಲಿಗೆ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, “ಯಾಕ, ಬಂದಿರಲಿಲ್ಲೇನು?”

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಬಾಣಲೆ ಇನ್ನೂ ಹೊಗೆಯಾಡುತ್ತಿತ್ತು. ಯಾವ ಭಾನುವಾರದ ಹೊಗೆಯೆಂದು ಹೇಳಲಿ.

“ಬಂದಿತ್ತು,” ಅಂದೆ. “ಭಾಳ ಬಂದಿತ್ತು.”

ಅವಳು ಫೋನು ಇಟ್ಟ ಮೇಲೆ ಕಿಟಕಿ ತೆಗೆದೆ.